ಒಂದು ತುಣುಕು, ಮೂರು ಹಾಡು: ಟ್ರಿಪ್-ಹಾಪ್ ಕೇಳಲು ಶುರು ಮಾಡುವವರಿಗೆ

ಟ್ರಿಪ್-ಹಾಪ್ ಅಂದರೆ ನಿಧಾನದ ಹಿಪ್-ಹಾಪ್ ಬೀಟಿನ ಮೇಲೆ ಭಾರವಾದ ಬೇಸ್ ಬೆರೆಸಿದ ಸಂಗೀತ. ಇದನ್ನು ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ದಯವಿಟ್ಟು ಮೊಬೈಲ್ ಸ್ಪೀಕರಿನಲ್ಲಿ ಹಾಕಬೇಡಿ. ನಾನು ಮೊದಲ ಸಲ ಹಾಗೇ ಕೇಳಿದ್ದೆ. ಒಲೆ ಮೇಲೆ ಕುಕ್ಕರ್ ಕೂಗುತ್ತಿತ್ತು, ಕಟ್ಟೆ ಮೇಲೆ ಫೋನ್ ಇತ್ತು. ಒಂದು ಹೆಣ್ಣಿನ ದನಿ ಬಿಟ್ಟರೆ ಏನೂ ಕೇಳಿಸಲಿಲ್ಲ. ಎರಡೇ ನಿಮಿಷಕ್ಕೆ ನಿಲ್ಲಿಸಿಬಿಟ್ಟೆ.

ಕೆಲವು ತಿಂಗಳಾದ ಮೇಲೆ ಶಿವಮೊಗ್ಗದ ರಾತ್ರಿ ಬಸ್ಸಿನಲ್ಲಿ ಅದೇ ಹಾಡು ಮತ್ತೆ ಬಂತು. ತಿಪಟೂರು ದಾಟಿತ್ತು, ದೀಪ ಆರಿತ್ತು, ಕಿವಿಯಲ್ಲಿ ಇಯರ್‌ಫೋನ್ ಇತ್ತು. ಆಗ ಬೇಸ್, ಅಂದರೆ ತಳದಲ್ಲಿ ಗುಂ ಅನ್ನುವ ತಗ್ಗು ಸ್ವರ, ಕೇಳಿಸಿತು. ಹಾಡಿನ ಕೆಳಗೆ ಇನ್ನೊಂದು ಹಾಡೇ ಇತ್ತು! ಈ ಸಂಗೀತದ ಅರ್ಧ ಜೀವ ಬೇಸ್‌ನಲ್ಲಿದೆ. ಅದನ್ನು ಹೊರಡಿಸುವ ಶಕ್ತಿ ಫೋನಿನ ಪುಟ್ಟ ಸ್ಪೀಕರಿಗೆ ಇಲ್ಲ. ದುಬಾರಿ ಹೆಡ್‌ಫೋನ್ ಏನೂ ಬೇಕಿಲ್ಲ, ಕಿವಿಯಲ್ಲಿ ಭದ್ರವಾಗಿ ಕೂರುವ ಇಯರ್‌ಫೋನ್ ಸಾಕು.

ಇದರ ಊರು ಇಂಗ್ಲೆಂಡಿನ ಬ್ರಿಸ್ಟಲ್. ಕೆರಿಬಿಯನ್‌ನಿಂದ ಬಂದು ನೆಲೆಸಿದವರ ದೊಡ್ಡ ಸೌಂಡ್ ಸಿಸ್ಟಂಗಳು (ಪಾರ್ಟಿಗಳಲ್ಲಿ ರೆಕಾರ್ಡ್ ಹಾಕುವ ಭಾರೀ ಸ್ಪೀಕರ್ ಸಾಲು), ಜಮೈಕಾದ ರೆಗೆ ಸಂಗೀತದ ಭಾರವಾದ ಬೇಸ್, ನ್ಯೂಯಾರ್ಕ್‌ನ ಹಿಪ್-ಹಾಪ್, ಎಲ್ಲ ಅಲ್ಲಿ ಬೆರೆತವು. ವೈಲ್ಡ್ ಬಂಚ್ ಎಂಬ ಡಿಜೆ ಗುಂಪಿನಿಂದ ಮ್ಯಾಸಿವ್ ಅಟ್ಯಾಕ್ ತಂಡ ಹುಟ್ಟಿತು. ಅವರ ‘ಬ್ಲೂ ಲೈನ್ಸ್’ ಆಲ್ಬಮ್ 1991ರಲ್ಲಿ ಬಂತು. ಟ್ರಿಪ್-ಹಾಪ್ ಎಂಬ ಹೆಸರನ್ನು ಒಂದು ಪತ್ರಿಕೆ ಕೊಟ್ಟಿದ್ದು ಆಮೇಲೆ, 1994ರಲ್ಲಿ.

ಇತಿಹಾಸ ಇಷ್ಟು ಸಾಕು. ಈಗ ಒಂದು ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮೂರು ಹಾಡುಗಳನ್ನು ಇದೇ ಕ್ರಮದಲ್ಲಿ ಕೇಳಬೇಕು.

ಮೊದಲನೆಯದು ಅಮೆರಿಕದ ಸೋಲ್ ಗಾಯಕ ಐಸಾಕ್ ಹೇಯ್ಸ್‌ನ ‘ಐಕ್ಸ್ ರಾಪ್ 2’, 1971ರದ್ದು. ಆತ ಇದರಲ್ಲಿ ಹಾಡುವುದಕ್ಕಿಂತ ಮಾತಾಡುವುದೇ ಜಾಸ್ತಿ. ಮಾತನ್ನು ಸದ್ಯಕ್ಕೆ ಬಿಡಿ. ಹಿಂದೆ ಬೇಸ್ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ, ಮೇಲೆ ಪಿಟೀಲುಗಳು ತೇಲುತ್ತವೆ. ಆ ಇಳಿಜಾರು ಬಾಯಿಗೆ ಬರುವ ತನಕ ಗುನುಗಿಕೊಳ್ಳಿ.

ಎರಡನೆಯದು ಪೋರ್ಟಿಸ್‌ಹೆಡ್ ತಂಡದ ‘ಗ್ಲೋರಿ ಬಾಕ್ಸ್’, 1994. ಶುರುವಾದ ತಕ್ಷಣ ಗುರುತು ಸಿಗುತ್ತದೆ: ಅರೆ, ಅದೇ ಮೆಟ್ಟಿಲು! ಆ ತುಣುಕನ್ನು ಎತ್ತಿ (ಇದಕ್ಕೇ ಸ್ಯಾಂಪಲಿಂಗ್ ಅನ್ನುವುದು), ಮತ್ತೆ ಮತ್ತೆ ಸುತ್ತುವ ಹಾಗೆ ಲೂಪ್ ಮಾಡಿ, ಸುತ್ತ ಬೇರೆಯದೇ ಮನೆ ಕಟ್ಟಿದ್ದಾರೆ. ಗಾಯಕಿ ಬೆತ್ ಗಿಬನ್ಸ್ ದನಿ ಒಡೆಯುವ ಅಂಚಿನಲ್ಲಿ ನಿಲ್ಲುತ್ತದೆ, ಒಡೆಯುವುದಿಲ್ಲ. ಆಮೇಲೆ ಕರಕರ ಅನ್ನುವ ಗಿಟಾರ್ ಬರುತ್ತದೆ. ಈ ಹಾಡಿರುವ ‘ಡಮ್ಮಿ’ ಆಲ್ಬಮ್ ಮಾಡುವಾಗ ಅವರು ತಾವೇ ನುಡಿಸಿದ್ದನ್ನು ರೆಕಾರ್ಡ್ ತಟ್ಟೆಗೆ ಅಚ್ಚು ಹಾಕಿಸಿ, ತಟ್ಟೆಯನ್ನು ಬೇಕೆಂದೇ ಸವೆಸಿ, ಮತ್ತೆ ಅದರಿಂದಲೇ ಸ್ಯಾಂಪಲ್ ತೆಗೆಯುತ್ತಿದ್ದರು. ಹೊಸ ಸಂಗೀತಕ್ಕೆ ಹಳೇ ಧೂಳು ಬೇಕು ಅಂತ ಅಷ್ಟು ಕಷ್ಟಪಟ್ಟಿದ್ದಾರೆ. ನನಗೆ ಈ ಸಂಗೀತದ ಮೇಲೆ ಪ್ರೀತಿ ಗಟ್ಟಿಯಾಗಿದ್ದೇ ಇದು ತಿಳಿದ ಮೇಲೆ.

ಮೂರನೆಯದು 1995ರದ್ದು, ಬ್ರಿಸ್ಟಲ್‌ನವನೇ ಆದ ಟ್ರಿಕಿಯ ‘ಹೆಲ್ ಈಸ್ ರೌಂಡ್ ದ ಕಾರ್ನರ್’. ಮತ್ತೆ ಅದೇ ತುಣುಕು. ಆದರೆ ಇಲ್ಲಿ ಆತನ ಒರಟು ಪಿಸುಮಾತು ಇದೆ, ಮಾರ್ಟಿನಾ ಟಾಪ್ಲಿ-ಬರ್ಡ್ ದನಿ ಜೊತೆಗಿದೆ. ಒಂದೇ ಮೆಟ್ಟಿಲು ಒಮ್ಮೆ ಪ್ರೇಮದ ಕಡೆಗೆ ಇಳಿಯಿತು, ಈಗ ಕತ್ತಲ ಕಡೆಗೆ ಇಳಿಯುತ್ತಿದೆ. ಸ್ಯಾಂಪಲಿಂಗ್ ಅಂದರೆ ಕದಿಯೋದು ಅಲ್ವಾ ಅಂತ ಕೇಳುವವರಿಗೆ ನಾನು ಇದೇ ಮೂರು ಹಾಡು ಕೇಳಿಸುತ್ತೇನೆ.

ಬೀಟ್ ಹಿಡಿಯಲು ತೊಡೆ ಮೇಲೆ ಕೈಯಿಟ್ಟು ಒಂದರಿಂದ ನಾಲ್ಕು ಎಣಿಸಿ. ಎರಡು ಮತ್ತು ನಾಲ್ಕಕ್ಕೆ ಸ್ನೇರ್ ಡ್ರಮ್ ಚಟ್ ಅನ್ನುತ್ತದೆ. ಅದು ಹಿಪ್-ಹಾಪ್‌ನಿಂದ ಬಂದ ಹೆಜ್ಜೆ. ವೇಗ ಮಾತ್ರ ಕಡಿಮೆ, ಸುಮಾರಾಗಿ ನಿಮಿಷಕ್ಕೆ 70ರಿಂದ 100 ಬೀಟ್. ಕ್ಲಬ್ಬಿನ ಹೌಸ್ ಸಂಗೀತ 120ರ ಆಚೀಚೆ ಓಡುತ್ತದೆ. ಇಲ್ಲಿ ಎರಡು ಏಟುಗಳ ನಡುವೆ ಜಾಗ ಇದೆ. ಕಿವಿಯನ್ನು ಆ ಜಾಗದಲ್ಲಿ ಇಡಿ, ಸಣ್ಣಪುಟ್ಟ ಸದ್ದುಗಳೆಲ್ಲ ಅಲ್ಲೇ ಅಡಗಿರುತ್ತವೆ.

ಮುಂದಿನ ವಾರಕ್ಕೆ ಡಿಜೆ ಶ್ಯಾಡೋನ ‘ಎಂಡ್‌ಟ್ರೊಡ್ಯೂಸಿಂಗ್’ ಆಲ್ಬಮ್ (1996) ಇಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದ ಈತ ಹಳೇ ರೆಕಾರ್ಡ್‌ಗಳನ್ನು ಹುಡುಕಿ, ಎಂಪಿಸಿ ಎಂಬ ಸ್ಯಾಂಪ್ಲರ್‌ನಲ್ಲಿ ಚೂರು ಚೂರಾಗಿ ಜೋಡಿಸಿ ಇದನ್ನು ಮಾಡಿದ. ಇದನ್ನು ಷಫಲ್ ಹಾಕಿ ಕೇಳಬೇಡಿ. ಮೊದಲಿಂದ ಕೊನೆ ತನಕ, ಒಂದೇ ಕೂರುವಿಕೆಯಲ್ಲಿ ಕೇಳಿ.

ಇನ್ನೂ ಬೆಚ್ಚಗಿನದು ಬೇಕಾದರೆ ಡೆಟ್ರಾಯಿಟ್‌ನ ಜೆ ಡಿಲ್ಲಾ ಮತ್ತು ಜಪಾನಿನ ನುಜಾಬೆಸ್ ಎಂಬ ಬೀಟ್ ಕಟ್ಟುವವರಿದ್ದಾರೆ. ಇಬ್ಬರೂ ಹುಟ್ಟಿದ್ದು 1974ರ ಫೆಬ್ರವರಿ 7ರಂದು. ಡಿಲ್ಲಾನ ‘ಡೋನಟ್ಸ್’ ಆಲ್ಬಮ್ ಬಂದಿದ್ದು ಅವನ 32ನೇ ಹುಟ್ಟುಹಬ್ಬಕ್ಕೆ. ಮೂರು ದಿನಕ್ಕೆ ಅವನು ತೀರಿಕೊಂಡ. ನುಜಾಬೆಸ್ 2010ರಲ್ಲಿ ಅಪಘಾತದಲ್ಲಿ ಹೋದ. ಓದುವಾಗ ಹಾಕಿಕೊಳ್ಳುವ ಲೋ-ಫೈ ಬೀಟ್‌ಗಳೆಲ್ಲ ಇವರಿಬ್ಬರ ಋಣದಲ್ಲಿವೆ. ನುಜಾಬೆಸ್‌ನ ‘ಮೋಡಲ್ ಸೋಲ್’ ಆಲ್ಬಮ್ ಅನ್ನು ಮಳೆ ಹಿಡಿದ ಸಂಜೆಗೆ ಎತ್ತಿಡಿ. ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ಬಂದರೆ ಇನ್ನೂ ಒಳ್ಳೆಯದು.