ಸಾಗರದಲ್ಲಿ ಮಾರಿ ಶಿವಮೊಗ್ಗದಲ್ಲಿ ಮನೆ ಕೊಂಡೆ: ದರ ತಿಳಿದುಕೊಂಡ ಬಗೆ

"ಶಿವಮೊಗ್ಗದಲ್ಲಿ ಈಗ ಏನು ರೇಟ್ ನಡೀತಿದೆ?" ಅಂತ ಕೇಳಿ ನೋಡಿ. ಉತ್ತರ ಇಲ್ಲದವರು ಸಿಗುವುದೇ ಇಲ್ಲ. ಚಹಾದಂಗಡಿಯವರೂ ಹೇಳುತ್ತಾರೆ, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರೂ ಹೇಳುತ್ತಾರೆ. ಆದರೆ ಊರಿಗೆಲ್ಲ ಒಂದೇ ರೇಟ್ ಅಂತ ಇಲ್ಲ. ವಿನೋಬನಗರದ 100 ಅಡಿ ರಸ್ತೆಗೆ ತಾಗಿದ ಸೈಟಿಗೂ ಅದರ ಹಿಂದಿನ ಅಡ್ಡರಸ್ತೆಯ ಸೈಟಿಗೂ ಅಜಗಜಾಂತರ. ಪೂರ್ವಕ್ಕೆ ಬಾಗಿಲಿದ್ದರೆ ಒಂದು, ರಸ್ತೆ ಬಂದು ನೇರ ಮನೆಗೆ ಗುದ್ದುವಂತಿದ್ದರೆ ಇನ್ನೊಂದು.

ಕಳೆದ ವರ್ಷ ನಾನು ಸಾಗರದಲ್ಲಿದ್ದ ಅಪ್ಪಯ್ಯನ ಕಾಲದ ಹಂಚಿನ ಮನೆ ಮಾರಿ, ಶಿವಮೊಗ್ಗದ ಗೋಪಾಳದಲ್ಲಿ ಮನೆ ಕೊಂಡೆ. ಒಂದು ಕಡೆ ಮಾರುವವನು, ಇನ್ನೊಂದು ಕಡೆ ಕೊಳ್ಳುವವನು. ಹಾಗಾಗಿ ಬ್ರೋಕರ್ ಒಬ್ಬರೇ ಎರಡೂ ಬಾಯಲ್ಲಿ ಮಾತಾಡುವುದನ್ನು ಹತ್ತಿರದಿಂದ ಕೇಳುವ ಭಾಗ್ಯ ಸಿಕ್ಕಿತು. ಮಾರುವಾಗ "ಮಾರ್ಕೆಟ್ ಡಲ್ ಇದೆ ಸಾರ್", ಕೊಳ್ಳುವಾಗ "ಇವತ್ತು ಬಿಟ್ರೆ ನಾಳೆ ಸಿಗಲ್ಲ ಸಾರ್".

ನಾನು ಮಾಡಿದ್ದು ಇಷ್ಟೇ. ಒಂದು ನೋಟ್‌ಬುಕ್ ಇಟ್ಟುಕೊಂಡೆ. ಎಡ ಪುಟದಲ್ಲಿ ಹೇಳಿದ ದರ, ಬಲ ಪುಟದಲ್ಲಿ ಕುದುರಿದ ದರ. ಯಾವ ಬೀದಿ, ಎಷ್ಟು ಅಳತೆ, ಬೋರ್ಡ್ ಯಾವಾಗಿನಿಂದ ಇದೆ, ಇಷ್ಟನ್ನು ಬರೆಯುತ್ತಾ ಹೋದೆ. ಎಡ ಪುಟ ಬೇಗ ತುಂಬಿತು. ಬಲ ಪುಟ ಮಾತ್ರ ಹೆಚ್ಚುಕಡಿಮೆ ಖಾಲಿ. ನನಗೆ ಜಾಸ್ತಿ ತಿಳಿಸಿಕೊಟ್ಟಿದ್ದು ಆ ಖಾಲಿ ಜಾಗವೇ. ಒಂದು ಬೀದಿಯಲ್ಲಿ ನಾಲ್ಕು ಜನ ಒಂದೇ ದರ ಹೇಳುತ್ತಿದ್ದಾರೆ, ಯಾವುದೂ ಹೋಗುತ್ತಿಲ್ಲ ಅಂದರೆ ಅದು ದರ ಅಲ್ಲ, ಆಸೆ.

ವಿಮಾನ ನಿಲ್ದಾಣ ಇರುವ ಸೋಗಾನೆ ಕಡೆ ಇದು ಚೆನ್ನಾಗಿ ಕಾಣುತ್ತದೆ. ನಿಲ್ದಾಣ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿ 27ಕ್ಕೆ, ವಿಮಾನ ಹಾರಾಟ ಶುರುವಾಗಿದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಬೆಲೆ ಮಾತ್ರ ವಿಮಾನಕ್ಕಿಂತ ಮೊದಲೇ ಹಾರಿತ್ತು. ಆ ಕಡೆಯ ಬಡಾವಣೆಗಳನ್ನು ನೋಡಲು ನಾನು ಹಗಲು ಹೋಗುವುದು ಬಿಟ್ಟು ಸಂಜೆ ಏಳರ ಮೇಲೆ ಹೋಗತೊಡಗಿದೆ. ಹಗಲಲ್ಲಿ ಎಲ್ಲ ಲೇಔಟೂ ಚಂದ: ಕಮಾನು, ಬಣ್ಣ ಬಳಿದ ಕಲ್ಲು, ಸಾಲಾಗಿ ಗಿಡ. ಸಂಜೆಗೆ ದೀಪ ಉರಿಯುವ ಮನೆ ಎಷ್ಟು ಅಂತ ನೋಡಬೇಕು. ಒಂದು ಕಡೆ ಬೀದಿ ದೀಪ ಬಿಟ್ಟರೆ ಬೇರೆ ಬೆಳಕೇ ಇರಲಿಲ್ಲ. ಸೈಟುಗಳಲ್ಲಿ ಸೊಂಟದೆತ್ತರ ಹುಲ್ಲು. ಅಲ್ಲಿ ಕೊಂಡವರೆಲ್ಲ ಮತ್ತೆ ಮಾರಲು ಕೊಂಡವರು, ಇರಲು ಬಂದವರಲ್ಲ. ಹತ್ತು ವರ್ಷ ಕಾಯುವ ದುಡ್ಡಿದ್ದವರಿಗೆ ಅದು ಸರಿ ಇರಬಹುದು. ನನಗೆ ಬೇಕಿದ್ದುದು ಹಾಲು, ಬಸ್ಸು, ಪಕ್ಕದ ಮನೆ.

ಸಾಗರದಲ್ಲೂ ಇದೇ ಕಥೆ, ಅಲ್ಲಿ ಸೇತುವೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ಕ್ಕೆ ಉದ್ಘಾಟನೆ ಆಯಿತು. ಶರಾವತಿ ಹಿನ್ನೀರು ದಾಟಿ ಸಿಗಂದೂರು ದೇವಸ್ಥಾನಕ್ಕೆ ಹೋಗಲು ಲಾಂಚ್ ಕಾಯುವ ಕಾಲ ಮುಗಿಯಿತು. "ಸೇತುವೆ ಆಯ್ತಲ್ಲ ಸಾರ್, ಸ್ವಲ್ಪ ಏರಿಸಿಯೇ ಹೇಳಿ" ಅಂತ ಬ್ರೋಕರ್ ಕಿವಿ ಊದಿದರು. ಸೇತುವೆಯಿಂದ ಲಾಭ ಆಗುವುದು ಆ ದಾರಿಯಲ್ಲಿ ಹೋಟೆಲ್, ಲಾಡ್ಜ್ ಮಾಡುವವರಿಗೆ. ಪೇಟೆ ಒಳಗಿನ ಬೀದಿಯ ಹಳೇ ಮನೆಗೆ ಏನು ಲಾಭ? ನಾನು ಏರಿಸಲಿಲ್ಲ. ಹಂಚಿನ ಮನೆ ಮಾರುವವರು ಇನ್ನೊಂದು ತಿಳಿದಿರಬೇಕು. ಕೊಳ್ಳುವವರು ಲೆಕ್ಕ ಹಾಕುವುದು ಜಾಗದ್ದು ಮಾತ್ರ. ಕಟ್ಟಡಕ್ಕೆ ಸೊನ್ನೆ. ಮರದ ಕಂಬ, ತೊಲೆ, ಹಳೇ ಬಾಗಿಲುಗಳಿಗೆ ಬೇರೆಯೇ ಗಿರಾಕಿ ಇದ್ದಾರೆ, ಹೋಮ್‌ಸ್ಟೇ ಕಟ್ಟುವವರು ಹುಡುಕಿಕೊಂಡು ಬರುತ್ತಾರೆ. ಜಾಗಕ್ಕೊಂದು, ಮರಕ್ಕೊಂದು ಅಂತ ಬೇರೆ ಬೇರೆ ಮಾತಾಡಿದ್ದರಿಂದ ನನಗೆ ಅನುಕೂಲವೇ ಆಯಿತು.

ಬಲ ಪುಟ ತುಂಬಿಸಲು ಇಸಿ, ಅಂದರೆ ಆಸ್ತಿಯ ಮಾರಾಟ, ಅಡಮಾನಗಳ ವಿವರ ಇರುವ ಋಣಭಾರ ಪ್ರಮಾಣಪತ್ರ ಬಳಸಿದೆ. ನೀವು ಕೊಳ್ಳುವ ಆಸ್ತಿಗೆ ಮಾತ್ರ ಅಲ್ಲ, ಪಕ್ಕದಲ್ಲಿ ಇತ್ತೀಚೆಗೆ ಮಾರಾಟವಾದ ಸೈಟಿಗೂ ಇಸಿ ತೆಗೆಸಬಹುದು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತದೆ. ಯಾರಿಂದ ಯಾರಿಗೆ, ಯಾವ ತಾರೀಖು, ಎಷ್ಟು ಮೊತ್ತ, ಎಲ್ಲ ಇರುತ್ತದೆ. ಆದರೆ ಆ ಮೊತ್ತವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಸರ್ಕಾರದ ಮಾರ್ಗಸೂಚಿ ದರಕ್ಕೆ (ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ದರ) ಬರೆಸಿ ಮಿಕ್ಕಿದ್ದನ್ನು ಕೈಯಲ್ಲಿ ಕೊಡುವವರು ನಮ್ಮಲ್ಲಿ ಕಮ್ಮಿ ಇಲ್ಲ. ಮಾರ್ಗಸೂಚಿ ದರ 2023ರ ಅಕ್ಟೋಬರ್ 1ಕ್ಕೆ ಪರಿಷ್ಕರಣೆ ಆದ ಮೇಲೂ ಅಂತರ ಪೂರ್ತಿ ಹೋಗಿಲ್ಲ. ಅದಕ್ಕೆ ನಾನು ಹುಡುಕಿದ್ದು ಕ್ರಯದ ಬೆನ್ನಿಗೇ ಬ್ಯಾಂಕಿನ ಅಡಮಾನ ಇರುವ ಇಸಿಗಳನ್ನು. ಸಾಲ ತೆಗೆದು ಕೊಂಡವರಿಗೆ ಕ್ರಯಪತ್ರದಲ್ಲಿ ಮೊತ್ತ ಕಮ್ಮಿ ತೋರಿಸಿದರೆ ಸಾಲವೂ ಕಮ್ಮಿಯಾಗುತ್ತದೆ. ಹಾಗಾಗಿ ಅವರ ಲೆಕ್ಕ ನಿಜಕ್ಕೆ ಹತ್ತಿರ ಇರುತ್ತದೆ. ಅಂಥ ಎರಡು ಮೂರು ಸಿಕ್ಕರೂ ಸಾಕು, ಬೀದಿಯ ದರ ಗೊತ್ತಾಗುತ್ತದೆ.

ಬಾಡಿಗೆಯನ್ನೂ ಕೇಳಿಡಿ. ಉದಾಹರಣೆಗೆ, ತಿಂಗಳಿಗೆ 12 ಸಾವಿರ ಬಾಡಿಗೆ ಬರುವ ಮನೆಗೆ 60 ಲಕ್ಷ ಹೇಳಿದರು ಅಂತಿಟ್ಟುಕೊಳ್ಳಿ. ವರ್ಷಕ್ಕೆ 1.44 ಲಕ್ಷ, ಅಂದರೆ ನೂರಕ್ಕೆ 2.4. ಅದೇ ಹಣ ಬ್ಯಾಂಕಿನಲ್ಲಿ ಸುಮ್ನೆ ಇಟ್ಟರೂ ಇದಕ್ಕಿಂತ ಜಾಸ್ತಿ ಬರುತ್ತದೆ. ಇರಲು ಕೊಳ್ಳುವವರಿಗೆ ಇದು ಅಡ್ಡಿಯಲ್ಲ. "ಇನ್ವೆಸ್ಟ್‌ಮೆಂಟಿಗೆ ಒಳ್ಳೇದು" ಅಂತ ಯಾರಾದರೂ ಹೇಳಿದಾಗ ಮಾತ್ರ ಈ ಲೆಕ್ಕ ತೆಗೆದಿಡಿ.

ಇನ್ನು ಅಡಿಕೆ. ಮಲೆನಾಡಿನಲ್ಲಿ ಮನೆ ದರ ತಿಳಿಯಬೇಕಾದರೆ ರಾಶಿ ಅಡಿಕೆ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಧಾರಣೆ ನೋಡಬೇಕು. ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ ಕೈಯಲ್ಲಿ ದುಡ್ಡು ಓಡಾಡುತ್ತದೆ, ಮಕ್ಕಳ ಓದಿಗೆ ಅಂತ ಶಿವಮೊಗ್ಗದಲ್ಲೊಂದು ಮನೆ ಮಾಡುವ ಯೋಚನೆ ಬರುತ್ತದೆ. ದೀಪಾವಳಿ ಕಳೆದು ಯುಗಾದಿವರೆಗೆ ಮಾರುವವರಿಗೆ ಒಳ್ಳೆ ಕಾಲ. ಎಲೆಚುಕ್ಕಿ ರೋಗ ಬಂದ ಕಡೆ ಆ ಉತ್ಸಾಹ ಇಳಿದಿದೆ, ಹೊಸನಗರ, ತೀರ್ಥಹಳ್ಳಿ ಕಡೆಯ ನೆಂಟರ ಮಾತಿನಲ್ಲೇ ಅದು ಗೊತ್ತಾಗುತ್ತದೆ. ಕೊಳ್ಳುವವರಿಗೆ ಆಷಾಢವೇ ವಾಸಿ. ಶುಭ ಕಾರ್ಯ ಇಲ್ಲ, ಗಿರಾಕಿ ಇಲ್ಲ, ಚೌಕಾಸಿಗೆ ಜಾಗ ಇದೆ. ಮೇಲಾಗಿ ಮಳೆಯಲ್ಲಿ ಮನೆ ಸುಳ್ಳು ಹೇಳುವುದಿಲ್ಲ. ಬೇಸಿಗೆಯಲ್ಲಿ ಹೊಸ ಬಣ್ಣ ಹೊಡೆದ ಗೋಡೆಯಲ್ಲಿ ಜುಲೈಗೆ ತೇವ ಮೂಡುತ್ತದೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿದಾಗ ನೀರು ಎಲ್ಲಿವರೆಗೆ ಬಂದಿತ್ತು ಅಂತ ಅಕ್ಕಪಕ್ಕದವರನ್ನು ಕೇಳಿ, ಮಾಲೀಕರನ್ನಲ್ಲ.

ಕಾಗದಪತ್ರಕ್ಕೂ ದರಕ್ಕೂ ನೇರ ಸಂಬಂಧ ಇದೆ. ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಇರುವ ಸೈಟಿಗೂ ಅಂಥ ಅನುಮೋದನೆ ಇಲ್ಲದೆ ಪಂಚಾಯಿತಿಯ 11ಬಿ ಖಾತೆ ಮಾತ್ರ ಇರುವ ಸೈಟಿಗೂ ರಸ್ತೆ ಒಂದೇ ಆದರೂ ಬೆಲೆ ಬೇರೆ, ಯಾಕೆಂದರೆ 11ಬಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. "ಸೋವಿ" ಅನ್ನಿಸಿದ್ದು ಹೆಚ್ಚಿನ ಸಲ ಇದೇ. ಸಾಗರ, ಹೊಸನಗರದ ಹಳ್ಳಿ ಕಡೆ ಶರಾವತಿ ಅಣೆಕಟ್ಟಿನ ಮುಳುಗಡೆ ಸಂತ್ರಸ್ತರ ಜಾಗ ಬಂದರೆ ಹಕ್ಕುಪತ್ರವನ್ನು ವಕೀಲರಿಗೆ ತೋರಿಸದೆ ಅಡ್ವಾನ್ಸ್ ಕೊಡಬೇಡಿ. ಖರ್ಚನ್ನೂ ದರಕ್ಕೆ ಸೇರಿಸಿಕೊಳ್ಳಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿತು. ಮುದ್ರಾಂಕ, ಸೆಸ್ ಎಲ್ಲ ಸೇರಿ ನಗರದಲ್ಲಿ ನೂರಕ್ಕೆ ಸುಮಾರು 7.6 ಆಗುತ್ತದೆ. ಮಾರಿದವರು ಆ ಲಾಭದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ. ಆಡಿಟರ್ ಹತ್ತಿರ ಮೊದಲೇ ಮಾತಾಡಿ.

ಗೋಪಾಳದ ಮನೆಯ ಯಜಮಾನರು ನಿವೃತ್ತ ಮೇಷ್ಟ್ರು. ದರ ಇಳಿಸಲು ಒಪ್ಪಲಿಲ್ಲ. ಮೂರನೇ ಸಲ ಕೂತಾಗ ಬೆಲೆಯ ಮಾತೇ ಬಿಟ್ಟು, "ಮೇಷ್ಟ್ರೇ, ನಿಮಗೆ ಅವಸರ ಯಾವುದಕ್ಕೆ?" ಅಂದೆ.

"ಅವಸರ ಎಂಥದೂ ಇಲ್ಲ ಮಾರಾಯ್ರೆ. ಮಗ ಬೆಂಗಳೂರಲ್ಲಿ ಫ್ಲ್ಯಾಟ್ ತಗೊಂಡಿದ್ದಾನೆ, ಅವನಿಗೆ ದುಡ್ಡು ಈಗ್ಲೇ ಬೇಕು. ಆದ್ರೆ ಮೊಮ್ಮಗಳ ಎಸ್ಸೆಸ್ಸೆಲ್ಸಿ ಇಲ್ಲೇ ಮುಗೀಬೇಕು."

ಆಗ ದಾರಿ ಸಿಕ್ಕಿತು. ಸಾಗರದ ದುಡ್ಡು ಕೈಯಲ್ಲಿತ್ತು. ದೊಡ್ಡ ಅಡ್ವಾನ್ಸ್ ಕೊಟ್ಟೆ, ಪರೀಕ್ಷೆ ಮುಗಿಯುವವರೆಗೆ ಅವರು ಬಾಡಿಗೆ ಇಲ್ಲದೆ ಅಲ್ಲೇ ಇರಬಹುದು ಅಂತ ಅಗ್ರಿಮೆಂಟಿನಲ್ಲೇ ಬರೆಸಿದೆ. ಅವರು ಎರಡು ಲಕ್ಷ ಇಳಿಸಿದರು. ಬ್ರೋಕರ್ ಮಾತ್ರ ಕಮಿಷನ್ನನ್ನು ಮೊದಲು ಹೇಳಿದ ದರದ ಮೇಲೇ ಕೇಳಿದರು. ಕುದುರಿದ ದರದ ಮೇಲೆ ಕೊಟ್ಟೆ.