ಉಂಗುರದೊಳಗೆ ಎರಡಕ್ಷರ

ನಿಶ್ಚಿತಾರ್ಥದ ಉಂಗುರದ ಒಳಗೆ ಏನಾದರೂ ಬರೆಸೋಣ ಅಂದಿದ್ದು ನಾನೇ. ಏನು ಬರೆಸೋದು ಅನ್ನೋದು ಗೊತ್ತಾಗಲು ಮೂರು ವಾರ ಹಿಡಿಯಿತು.

ಮೊದಲು ಹೊಳೆದಿದ್ದು ಹೆಸರು, ಮದುವೆ ದಿನಾಂಕ. ಆದರೆ ಛತ್ರ ಸಿಗದೆ ನಮ್ಮ ಮುಹೂರ್ತವೇ ಮುಂದೆ ಹೋಯಿತು. ಅವತ್ತೇ ದಿನಾಂಕ ಕೈಬಿಟ್ಟೆವು. ಚಿಕ್ಕಪ್ಪ 'ನಾತಿಚರಾಮಿ' ಬರೆಸಿ ಅಂದರು. ಒಳ್ಳೆಯ ಮಾತೇ. ಆದರೆ ಅದು ಪುರೋಹಿತರು ಹೇಳಿಸುವ ಮಾತು, ನಾವಿಬ್ಬರು ಆಡುವ ಮಾತಲ್ಲ.

ಕನ್ನಡದಲ್ಲೇ ಇರಬೇಕು ಅನ್ನೋದು ಮಾತ್ರ ಗಟ್ಟಿಯಾಗಿತ್ತು. ಕಷ್ಟ ಶುರುವಾಗಿದ್ದೂ ಅಲ್ಲೇ. ನನ್ನ ಉಂಗುರದ ಅಗಲ 4 ಮಿ.ಮೀ. ಅಂಚು ಬಿಟ್ಟರೆ ಅಕ್ಷರಕ್ಕೆ ಸಿಗೋದು ಎರಡೂವರೆ. ಇಂಗ್ಲಿಷ್ ಅಕ್ಷರ ಅಷ್ಟರಲ್ಲಿ ಆರಾಮಾಗಿ ಕೂರುತ್ತದೆ. ಕನ್ನಡದ ಒತ್ತು ಕೆಳಗಿಳಿಯುತ್ತದಲ್ಲ, ಅದಕ್ಕೆ ಜಾಗ ಮಾಡಲು ಇಡೀ ಸಾಲನ್ನೇ ಚಿಕ್ಕದು ಮಾಡಬೇಕು. ನಮ್ಮಿಬ್ಬರ ಹೆಸರಲ್ಲೂ ಒತ್ತಕ್ಷರ! ಜೊತೆಗೆ ಒಳಗೆ ಹಾಲ್‌ಮಾರ್ಕ್ ಬೇರೆ: ಬಿಐಎಸ್ ಗುರುತು, ಚಿನ್ನದ ಶುದ್ಧತೆ ಹೇಳುವ 22ಕೆ916, ಆ ಒಡವೆಗಷ್ಟೇ ಸೇರಿದ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಎಚ್‌ಯುಐಡಿ. ಅದರ ಮೇಲೆ ಕೆತ್ತಿಸಿದರೆ ಮುಂದೆ ಮಾರುವಾಗ ತಲೆನೋವು.

ಇವರಿಗೆ ಒಂದು ಚಟ. ಎಲ್ಲಿದ್ದೀಯ ಅಂತ ಫೋನ್ ಮಾಡಿದರೆ 'ಬಂದೆ' ಅಂತಾರೆ. ಆಗಿನ್ನೂ ಮನೆಯಲ್ಲಿ ಸಾಕ್ಸ್ ಹುಡುಕ್ತಿರ್ತಾರೆ. ನಾನು 'ಬೇಗ ಬಾ' ಅಂತ ಇಟ್ಟುಬಿಡ್ತೀನಿ. ಒಂದಿನ ಮೆಸೇಜ್ ತೆಗೆದು ನೋಡಿದರೆ ಬರೀ ಇದೇ. ಒಂದೂ ಒತ್ತಿಲ್ಲ! ನನ್ನ ಉಂಗುರಕ್ಕೆ 'ಬಂದೆ', ಅವರದಕ್ಕೆ 'ಬೇಗ ಬಾ'.

ಬೆಂಗಳೂರಿನ ನಗರತ್‌ಪೇಟೆಯಲ್ಲಿ ಲೇಸರ್ ಕೆತ್ತನೆ ಮಾಡುವ ಒಂದು ಚಿಕ್ಕ ಅಂಗಡಿಗೆ ಹೋದೆವು. ಅವರು ಮೊದಲು ತಾಮ್ರದ ತಗಡಿನ ಮೇಲೆ ಕೆತ್ತಿ ತೋರಿಸಿದರು. ಪುಣ್ಯ. ಕಂಪ್ಯೂಟರಿಗೆ ಕನ್ನಡ ಜೋಡಿಸಲು ಬಂದಿರಲಿಲ್ಲ. ಬ ಒಂದು ಕಡೆ, ಏತ್ವ ಇನ್ನೊಂದು ಕಡೆ. ನೇರ ಚಿನ್ನದ ಮೇಲೆ ಹೊಡೆದಿದ್ದರೆ ಅಷ್ಟೇ ಕಥೆ. ತಗಡಿನ ಮೇಲೆ ನೋಡದೆ ಯಾರೂ ಒಪ್ಪಬೇಡಿ.

ಫಾಂಟ್ ಬದಲಾಯಿಸುವ ಬದಲು ಬಿಳಿ ಹಾಳೆ, ಕಪ್ಪು ಪೆನ್ನು ಕೇಳಿದೆವು. ಅವರವರ ಮಾತನ್ನು ಅವರವರೇ ಬರೆದೆವು. ಅಂಗಡಿಯವರು ಫೋಟೋ ತೆಗೆದು, ಗೆರೆ ತಿದ್ದಿ, ಚಿತ್ರ ಮಾಡಿಕೊಂಡರು. ಚಿತ್ರವಾದ ಮೇಲೆ ಅಕ್ಷರ ಒಡೆಯುವುದಿಲ್ಲ. ಎರಡನೇ ತಗಡಿನಲ್ಲಿ 'ಬಂದೆ'ಯ ಸೊನ್ನೆ ಮುಚ್ಚಿಹೋಗಿ ಚುಕ್ಕಿಯಾಗಿತ್ತು. ಇವರು ಸೊನ್ನೆಯನ್ನು ದೊಡ್ಡದಾಗಿ ಬರೆದುಕೊಟ್ಟರು. ಹಾಳೆಯಲ್ಲಿ ವಿಕಾರವಾಗಿ ಕಂಡಿತು, ಉಂಗುರದಲ್ಲಿ ಸರಿಯಾಗಿ ಕೂತಿತು.

ಇನ್ನೊಂದು ಮಾತು. ಅಳತೆ ಸರಿ ಇದೆಯಾ ಅಂತ ಎರಡು ದಿನ ಹಾಕಿಕೊಂಡು ನೋಡಿ ಆಮೇಲೆ ಬರೆಸಿ. ಉಂಗುರ ಚಿಕ್ಕದು-ದೊಡ್ಡದು ಮಾಡಲು ಕತ್ತರಿಸಿ ಬೆಸೆಯುತ್ತಾರೆ, ಅಕ್ಷರ ಅಲ್ಲೇ ಇದ್ದರೆ ಹೋಯಿತು. 22 ಕ್ಯಾರೆಟ್ ಮೆತ್ತಗೆ ಬೇರೆ. ಮೇಲ್ಮೇಲೆ ಗೀಚಿದರೆ ಸಾಲದು, ಸ್ವಲ್ಪ ಆಳಕ್ಕೆ ಕೆತ್ತಿ ಅಂತ ಹೇಳಬೇಕು. ಪಾಲಿಶ್‌ಗೆ ಕೊಟ್ಟಾಗ ಒಳಗಡೆ ಉಜ್ಜಬೇಡಿ ಅಂತಲೂ.

ಈಗ ಎರಡು ವರ್ಷವಾಯಿತು. ಅಕ್ಷರ ಚೆನ್ನಾಗಿಯೇ ಇವೆ. ಆ ದೊಡ್ಡ ಸೊನ್ನೆಯಲ್ಲಿ ಮಾತ್ರ ಆಗಾಗ ಅಕ್ಕಿ ರೊಟ್ಟಿ ಹಿಟ್ಟು ಕೂರುತ್ತದೆ. ಬೆಚ್ಚಗಿನ ನೀರು, ಹಳೆ ಟೂತ್‌ಬ್ರಶ್ ಸಾಕು.