ಕರಾರಿನ ಕೊನೆಯ ಪದ: ಕಲಬುರಗಿಯಲ್ಲಿ ಸೇನಾ ಮೈತ್ರಿಕೂಟಗಳ ಪಾಠ ಮಾಡಿದ ನನ್ನ ಅನುಭವ

"ಮೇಡಂ, ಪಾಕಿಸ್ತಾನ ಸಿಯಾಟೊದಾಗ ಇತ್ತಲ್ರಿ. ಮತ್ತ 1971ರಾಗ ಅಮೆರಿಕ ಬಂದು ಯಾಕ ಕಾದಾಡಲಿಲ್ಲ?"

ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಜೇವರ್ಗಿ ಕಡೆಯ ಹುಡುಗನೊಬ್ಬ ಕೊನೆಯ ಬೆಂಚಿನಿಂದ ಎದ್ದು ಕೇಳಿದ ಪ್ರಶ್ನೆ ಇದು. ನನ್ನ ನೋಟ್ಸಿನಲ್ಲಿ ಇದ್ದದ್ದು ಇಷ್ಟೇ: ಸಿಯಾಟೊ (ಆಗ್ನೇಯ ಏಷ್ಯಾ ರಕ್ಷಣಾ ಒಪ್ಪಂದದ ಕೂಟ), 1954, ಮನಿಲಾ, ಎಂಟು ಸದಸ್ಯ ದೇಶಗಳು, 1977ರಲ್ಲಿ ವಿಸರ್ಜನೆ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಇಷ್ಟು ಸಾಕಿತ್ತು. ಆ ಹುಡುಗನಿಗೆ ಸಾಕಾಗಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಅಂತರರಾಷ್ಟ್ರೀಯ ಸಂಬಂಧಗಳ ವಿಷಯದಲ್ಲಿ ಎಂ.ಎ. ಮಾಡಿದ್ದೆ. ಒಪ್ಪಂದಗಳ ಬಗ್ಗೆ ಬರೆದ ಪುಸ್ತಕಗಳನ್ನು ಸಾಕಷ್ಟು ಓದಿದ್ದೆ. ಆದರೆ ಒಂದೇ ಒಂದು ಒಪ್ಪಂದವನ್ನೂ ಅದರ ಮೂಲ ರೂಪದಲ್ಲಿ ಮೊದಲಿಂದ ಕೊನೆಯವರೆಗೆ ಓದಿರಲಿಲ್ಲ. ಮರುದಿನ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಸಿಯಾಟೊದ ಪಠ್ಯ ಹುಡುಕಿ ತೆಗೆದೆ. ನಾಲ್ಕೈದು ಪುಟ, ಅಷ್ಟೆ. ನಾಲ್ಕನೆಯ ವಿಧಿಯಲ್ಲಿ, ದಾಳಿ ನಡೆದರೆ ಪ್ರತಿಯೊಂದು ದೇಶವೂ ತನ್ನ ಸಂವಿಧಾನದ ಪ್ರಕಾರ ಕ್ರಮ ಕೈಗೊಳ್ಳುವುದು ಎಂದಿತ್ತು. ಕೊನೆಗೆ ಅಮೆರಿಕ ತನ್ನದೊಂದು ತಿಳಿವಳಿಕೆಯನ್ನು ಸೇರಿಸಿತ್ತು: ದಾಳಿಯ ವಿಷಯದಲ್ಲಿ ತಾನು ಒಪ್ಪಿಕೊಂಡಿರುವ ಹೊಣೆ ಕಮ್ಯುನಿಸ್ಟ್ ದಾಳಿಗೆ ಮಾತ್ರ ಅನ್ವಯಿಸುತ್ತದೆ. ಭಾರತದ ಜೊತೆಗಿನ ಯುದ್ಧ ಆ ಮಾತಿನೊಳಗೆ ಬರುವುದೇ ಇಲ್ಲ. ಹುಡುಗ ಕೇಳಿದ್ದಕ್ಕೆ ಉತ್ತರ ಆ ಒಂದು ಪ್ಯಾರಾದಲ್ಲಿತ್ತು. ಮೂರು ವರ್ಷ ನಾನು ಅದನ್ನು ಓದದೆಯೇ ಪಾಠ ಮಾಡಿದ್ದೆ.

ಅಂದಿನಿಂದ ನನ್ನ ಕೆಲಸದ ರೀತಿ ಬದಲಾಯಿತು. ಮಿತ್ರಕೂಟದ ಬಗ್ಗೆ ಬಾಯಿ ತೆರೆಯುವ ಮೊದಲು ಅದರ ಕರಾರನ್ನೇ ಕನ್ನಡಕ್ಕೆ ತರುತ್ತೇನೆ. ನಮ್ಮಲ್ಲಿ ಓದುವವರು ಹೆಚ್ಚಿನವರು ಕನ್ನಡ ಮಾಧ್ಯಮದವರು, ಹಾಗಾಗಿ ಇದು ಬೇಕೇ ಬೇಕಿತ್ತು. ಆದರೆ ಅನುವಾದ ಮಾಡುತ್ತಾ ಹೋದಾಗ ಅದರಿಂದ ಹೆಚ್ಚು ಕಲಿತವಳು ನಾನೇ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಎಷ್ಟೇ ದೊಡ್ಡ ಮಾತು ಆಡಿದರೂ ಕಡೆಗೆ "ಏನು ಮಾಡತಕ್ಕದ್ದು" ಎಂಬಲ್ಲಿಗೆ ಬಂದು ನಿಲ್ಲಲೇಬೇಕು. "ನೆರವಾಗತಕ್ಕದ್ದು", "ಸಮಾಲೋಚಿಸತಕ್ಕದ್ದು", "ದೂರವಿರತಕ್ಕದ್ದು" ಎಂದು ಬರೆಯುವಾಗ ಒಂದೊಂದರ ತೂಕ ಬೇರೆ ಬೇರೆ ಎಂಬುದು ಕೈಗೆ ಹತ್ತುತ್ತದೆ.

ನ್ಯಾಟೊದ ಐದನೆಯ ವಿಧಿಯನ್ನೇ ನೋಡಿ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂಬ ಮೊದಲರ್ಧ ಎಲ್ಲರಿಗೂ ಗೊತ್ತು. ಪ್ರತಿಯೊಂದು ದೇಶ, ಸಶಸ್ತ್ರ ಬಲವೂ ಸೇರಿದಂತೆ, ತನಗೆ ಅಗತ್ಯವೆಂದು ತೋರಿದ ಕ್ರಮ ಕೈಗೊಂಡು ನೆರವಾಗತಕ್ಕದ್ದು ಎಂಬ ಮುಂದಿನ ಅರ್ಧವನ್ನು ಯಾರೂ ಹೇಳುವುದಿಲ್ಲ. ನಾನು ಇದನ್ನು ಬೋರ್ಡಿನ ಮೇಲೆ ಬರೆದ ದಿನ ಮುಂದಿನ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು. ಅವಳ ತಂದೆ ಕೋರ್ಟಿನ ಹತ್ತಿರ ಕುಳಿತು ಬಾಂಡ್ ಬರೆಯುವವರು.

"ಮೇಡಂ, ಇದರಾಗ ಮೊತ್ತನೇ ಬರದಿಲ್ಲಲ್ರಿ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಬರೀಲಿಲ್ಲಂದ್ರ ಅದು ಬಾಂಡೇ ಅಲ್ಲ ಅಂತಾರ ನಮ್ಮಪ್ಪ."

ಅಷ್ಟು ಚೊಕ್ಕವಾಗಿ ಆ ವಿಧಿಯನ್ನು ನನಗೆ ಯಾವ ಪಠ್ಯಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಮೊತ್ತವನ್ನು ಅವರು ಬೇಕೆಂದೇ ಬಿಟ್ಟರು. ಯುದ್ಧ ಘೋಷಿಸುವ ಅಧಿಕಾರ ತನ್ನ ಸಂಸತ್ತಿನ ಕೈತಪ್ಪಬಾರದು ಎಂಬುದು 1949ರಲ್ಲಿ ಅಮೆರಿಕದ ಸೆನೆಟರ್‌ಗಳ ಹಟವಾಗಿತ್ತು. ಈ ವಿಧಿಯನ್ನು ಇಲ್ಲಿಯವರೆಗೆ ಜಾರಿಗೆ ತಂದದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ.

ಆ ಹುಡುಗಿಯ ಮಾತು ಕೇಳಿದ ಮೇಲೆ ದೊಡ್ಡ ಖಾಕಿ ಹಾಳೆಯೊಂದನ್ನು ತಂದು ತರಗತಿಯ ಗೋಡೆಗೆ ಅಂಟಿಸಿದೆವು. ಯಾರು ಯಾರಿಗೆ ಮಾತು ಕೊಟ್ಟರು, ಯಾವ ಸಂದರ್ಭಕ್ಕೆ, ಎಲ್ಲಿಯವರೆಗೆ, ಏನು ಮಾಡತಕ್ಕದ್ದು, ತೀರ್ಮಾನ ಯಾರದು ಎಂದು ಮನೆ ಹಾಕಿಕೊಂಡೆವು. "ಎಲ್ಲಿಯವರೆಗೆ" ಎಂಬ ಮನೆಯನ್ನು ತುಂಬುವಾಗ ಮಕ್ಕಳಿಗೆ ಬಹಳ ಅಚ್ಚರಿಯಾಗುತ್ತದೆ. ನ್ಯಾಟೊದ ಆರನೆಯ ವಿಧಿ ಅಟ್ಲಾಂಟಿಕ್ ದ್ವೀಪಗಳ ಮಟ್ಟಿಗೆ ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕೇ ನಿಂತುಬಿಡುತ್ತದೆ. 1982ರಲ್ಲಿ ಅರ್ಜೆಂಟೀನಾ ಫಾಕ್‌ಲ್ಯಾಂಡ್ ದ್ವೀಪಗಳನ್ನು ಹಿಡಿದಾಗ ಬ್ರಿಟನ್ ಅದನ್ನು ನ್ಯಾಟೊದ ಯುದ್ಧ ಎನ್ನಲು ಬರುತ್ತಿರಲಿಲ್ಲ.

1971ರ ಆಗಸ್ಟ್ 9ರ ಭಾರತ–ಸೋವಿಯತ್ ಒಪ್ಪಂದದ ಸಾಲು ತುಂಬಿದ ದಿನ ತರಗತಿಗೆ ನಿರಾಸೆಯಾಯಿತು. ಒಂಬತ್ತನೆಯ ವಿಧಿಯಲ್ಲಿ, ದಾಳಿ ಅಥವಾ ದಾಳಿಯ ಬೆದರಿಕೆ ಬಂದರೆ ಎರಡೂ ದೇಶ ಕೂಡಲೇ ಸಮಾಲೋಚಿಸತಕ್ಕದ್ದು, ಬೆದರಿಕೆ ನೀಗಲು ತಕ್ಕ ಕ್ರಮ ಕೈಗೊಳ್ಳತಕ್ಕದ್ದು ಎಂದಿದೆ. "ಬರೇ ಕೂತು ಮಾತಾಡೋದು ಏನ್ರಿ ಮೇಡಂ?" ಎಂದರು. ಕಾಗದದ ಮೇಲೆ ಹಾಗೇ ಕಾಣುತ್ತದೆ. ಆದರೆ ಆ ಡಿಸೆಂಬರಿನಲ್ಲಿ ಭದ್ರತಾ ಮಂಡಳಿಗೆ ಕದನ ವಿರಾಮದ ನಿರ್ಣಯಗಳು ಬಂದಾಗ ಸೋವಿಯತ್ ಒಕ್ಕೂಟ ಮತ್ತೆ ಮತ್ತೆ ವೀಟೊ ಹಾಕಿತು. ಢಾಕಾ ಶರಣಾಗುವವರೆಗಿನ ಆ ದಿನಗಳು ಭಾರತಕ್ಕೆ ಸಿಕ್ಕಿದ್ದು ಅದರಿಂದ. ಮೆತ್ತನೆಯ ಕ್ರಿಯಾಪದದ ಹಿಂದೆ ಗಟ್ಟಿಯಾದ ಹಿತಾಸಕ್ತಿ ಇತ್ತು. ಹಾಳೆಗೆ ಇನ್ನೊಂದು ಮನೆ ಸೇರಿಸಿದೆವು: ಕಾಗದದ ಆಚೆ ಏನಿದೆ?

ಇಷ್ಟೆಲ್ಲ ಆದರೂ ಮಕ್ಕಳಿಗೆ ಇವು ದೂರದ ಊರಿನ ಕತೆಗಳೇ. ಹತ್ತಿರ ತಂದದ್ದು ನಿಜಾಮನ ಸಾಲು.

ಸಹಾಯಕ ಸೈನ್ಯ ಪದ್ಧತಿ, ಅಂದರೆ ರಕ್ಷಣೆಗೆ ಕಂಪನಿಯ ಸೈನ್ಯ ಇಟ್ಟುಕೊಂಡು ಅದರ ಖರ್ಚನ್ನು ರಾಜನೇ ಹೊರುವುದು, ಪಿಯುಸಿ ಮುಗಿಸಿದವರಿಗೆಲ್ಲ ಗೊತ್ತು. ಇತಿಹಾಸದ ಪುಸ್ತಕದಲ್ಲಿ ಅದು ವೆಲ್ಲೆಸ್ಲಿಯ ಸಾಧನೆಯ ಒಂದು ಅಂಶ. ನಾನು ಅದನ್ನು ವಿದೇಶಾಂಗ ನೀತಿಯ ಪಾಠವಾಗಿ ತೆಗೆದುಕೊಂಡೆ, ಅದೂ ನಿಜಾಮನ ಕಡೆಯಿಂದ. 1795ರಲ್ಲಿ ಖರ್ಡಾದಲ್ಲಿ ಮರಾಠರು ಮೇಲೆ ಬಿದ್ದಾಗ ನಿಜಾಮ್ ಅಲಿ ಖಾನ್ ಈಸ್ಟ್ ಇಂಡಿಯಾ ಕಂಪನಿಯನ್ನು ನೆಚ್ಚಿಕೊಂಡಿದ್ದ. ಗವರ್ನರ್ ಜನರಲ್ ಜಾನ್ ಶೋರ್ ಬರುವುದಿಲ್ಲ ಎಂದುಬಿಟ್ಟ. ನಿಜಾಮ ಸೋತ, ಸಿಟ್ಟಿನಿಂದ ಫ್ರೆಂಚ್ ಅಧಿಕಾರಿ ರೇಮಂಡನ ಪಡೆಯನ್ನು ಬೆಳೆಸಿದ. ಮೂರೇ ವರ್ಷಕ್ಕೆ, 1798ರ ಸೆಪ್ಟೆಂಬರ್ 1ರಂದು, ವೆಲ್ಲೆಸ್ಲಿಯ ಒಪ್ಪಂದಕ್ಕೆ ಸಹಿ ಹಾಕಿದ; ಫ್ರೆಂಚರ ಪಡೆ ಬರಖಾಸ್ತಾಯಿತು. 1800ರ ಒಪ್ಪಂದದಲ್ಲಿ ಕಂಪನಿಯ ಅನುಮತಿಯಿಲ್ಲದೆ ಬೇರೆ ಯಾವ ರಾಜ್ಯದೊಂದಿಗೂ ವ್ಯವಹಾರ ಮಾಡುವುದಿಲ್ಲ ಎಂದು ಒಪ್ಪಿದ. ಸೈನ್ಯದ ಖರ್ಚಿಗೆಂದು ಟಿಪ್ಪುವಿನಿಂದ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪದ ಸೀಮೆಯನ್ನು ಬಿಟ್ಟುಕೊಟ್ಟ.

ಮಿತ್ರಕೂಟದ ಸಿದ್ಧಾಂತದಲ್ಲಿ ಎರಡು ಭಯಗಳ ಮಾತು ಬರುತ್ತದೆ: ಮಿತ್ರ ಕೈಬಿಟ್ಟಾನೆಂಬ ಭಯ, ಮಿತ್ರನ ಹಿಡಿತದಲ್ಲಿ ಸಿಕ್ಕಿಬಿದ್ದೇನೆಂಬ ಭಯ. ನಿಜಾಮ ಆರು ವರ್ಷದೊಳಗೆ ಎರಡನ್ನೂ ಉಂಡ. ಬಳ್ಳಾರಿ ನಿಜಾಮನ ಕೈಬಿಟ್ಟು ಮದ್ರಾಸಿಗೆ ಸೇರಿದ್ದು, ನಾವು ಹೈದರಾಬಾದಿನಲ್ಲೇ ಉಳಿದದ್ದು ಆ ಸಹಿಯಿಂದ ಎಂದಾಗ ಮಕ್ಕಳು ಸುಮ್ಮನೆ ಕುಳಿತು ಕೇಳಿದರು.

ಅದೇ ಮನೆತನದ ಕೊನೆಯ ನಿಜಾಮನಿಗೆ ಬ್ರಿಟಿಷರು ಕೊಟ್ಟ ಬಿರುದುಗಳಲ್ಲಿ "ನಂಬಿಕಸ್ಥ ಮಿತ್ರ" ಎಂಬುದೂ ಒಂದು. 1947ರಲ್ಲಿ ಬ್ರಿಟಿಷರು ಹೊರಟರು, ಬಿರುದು ಉಳಿಯಿತು. ನವೆಂಬರ್ 29ರಂದು ಭಾರತದ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಮರುವರ್ಷ ಆಗಸ್ಟಿನಲ್ಲಿ ಹೈದರಾಬಾದ್ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ನಳದುರ್ಗದ ದಾರಿ ಹಿಡಿದು ಒಳಬಂತು. 16ರಂದು ಪ್ಯಾರಿಸ್ಸಿನಲ್ಲಿ ಮಂಡಳಿ ದೂರನ್ನು ಕೈಗೆತ್ತಿಕೊಂಡಿತು. ಮಾರನೆಯ ದಿನ, 17ರಂದು, ನಿಜಾಮ ಕದನ ವಿರಾಮ ಘೋಷಿಸಿದ. ಒಂದೂವರೆ ನೂರು ವರ್ಷದ ಮಿತ್ರನ ಕಡೆಯಿಂದ ಒಬ್ಬ ಸಿಪಾಯಿಯೂ ಬರಲಿಲ್ಲ.

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ನಮ್ಮ ಭಾಗದಲ್ಲೆಲ್ಲ ಧ್ವಜ ಏರುತ್ತದೆ. ಹಿಂದಿನ ವಾರ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ: ಮನೆಯಲ್ಲಿ ಮುತ್ಯಾ, ಆಯಿ ಇದ್ದರೆ ಆ ದಿನಗಳ ಬಗ್ಗೆ ಕೇಳಿಕೊಂಡು ಬನ್ನಿ. ನಿಜಾಮನ ಪರ ನಿಂತಿದ್ದ ರಜಾಕಾರರ ಹಾವಳಿಗೆ ಊರು ಬಿಟ್ಟು ಗಡಿಯಾಚೆ ಹೋದವರ ಕತೆ ಬರುತ್ತದೆ. ಪೊಲೀಸ್ ಆಕ್ಷನ್ ಎನ್ನುವ ಆ ಸೇನಾ ಕಾರ್ಯಾಚರಣೆ ಆದಮೇಲೆ ಮುಸ್ಲಿಂ ಮನೆಗಳು ಅನುಭವಿಸಿದ ನೋವಿನ ಕತೆಯೂ ಬರುತ್ತದೆ. ಎರಡನ್ನೂ ಒಂದೇ ತರಗತಿಯಲ್ಲಿ, ಒಂದೇ ಬೆಂಚಿನ ಮೇಲೆ ಕುಳಿತವರು ಹೇಳುತ್ತಾರೆ. ಯಾವುದನ್ನೂ ನಾನು ತಡೆಯುವುದಿಲ್ಲ. ಒಪ್ಪಂದ ಮುರಿದಾಗ ಅದರ ಬೆಲೆ ತೆರುವವರು ಸಹಿ ಹಾಕಿದವರಲ್ಲ ಎಂಬುದು ಮಕ್ಕಳಿಗೆ ತಿಳಿಯಲೇಬೇಕು.

2017ರಲ್ಲಿ ಬೀದರ್–ಕಲಬುರಗಿ ರೈಲು ಶುರುವಾದ ಮೇಲೆ ಕೊನೆಯ ವರ್ಷದವರನ್ನು ಬೀದರಿಗೂ ಕರೆದೊಯ್ಯುತ್ತೇನೆ. ನಾಲ್ಕೂ ಕಡೆ ಕಮಾನು ತೆರೆದಿರುವ ಅಲಿ ಬರೀದನ ಗೋರಿಯ ನೆರಳಲ್ಲಿ ಕುಳಿತು 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರದ ವಿರುದ್ಧ ಕೂಡಿದವರ ಮೈತ್ರಿಯ ಮಾತು. ಅಹಮದ್‌ನಗರದ ಚಾಂದ್ ಬೀಬಿಯನ್ನು ವಿಜಯಪುರದ ಅಲಿ ಆದಿಲ್ ಶಾಹನಿಗೆ ಕೊಟ್ಟು, ಜಗಳದ ಸೊಲ್ಲಾಪುರ ಕೋಟೆಯನ್ನು ವರದಕ್ಷಿಣೆಯಾಗಿ ಬಿಟ್ಟು ಕಟ್ಟಿದ ಕೂಟ ಅದು. ಗೋಲ್ಕೊಂಡ, ಬೀದರ್ ಸೇರಿದವು. ಕೆಲವೇ ವರ್ಷಗಳ ಹಿಂದೆ ಇದೇ ಅಲಿ ಆದಿಲ್ ಶಾಹ ರಾಮರಾಯನ ಜೊತೆ ನಿಂತು ಅಹಮದ್‌ನಗರದ ಮೇಲೆ ಹೋಗಿದ್ದ. ರಾಮರಾಯ ಬಿದ್ದ ಮೇಲೆ ಕೂಟ ನಿಲ್ಲಲಿಲ್ಲ. 1619ರಲ್ಲಿ ಬೀದರನ್ನು ನುಂಗಿದ್ದು ಅದೇ ವಿಜಯಪುರ. ಧರ್ಮ ಒಂದೇ ಇದ್ದುದರಿಂದ ಕೂಡಿದರು ಎಂದು ಬರೆದ ಉತ್ತರಪತ್ರಿಕೆ ನನಗೆ ಇವತ್ತಿಗೂ ಸಿಗುತ್ತದೆ. ಹಾಗಿದ್ದರೆ ಆಮೇಲೆ ಒಬ್ಬರನ್ನೊಬ್ಬರು ಯಾಕೆ ನುಂಗಿದರು ಎಂದು ಪಕ್ಕದಲ್ಲಿ ಬರೆದು ಮರಳಿಸುತ್ತೇನೆ.

ನನ್ನ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. 2022ರ ಫೆಬ್ರವರಿ ಮೂರನೆಯ ವಾರ ಉಕ್ರೇನಿನ ಸಾಲನ್ನು ತುಂಬುತ್ತಿದ್ದೆವು. ಅಣ್ವಸ್ತ್ರ ಬಿಟ್ಟುಕೊಟ್ಟದ್ದಕ್ಕೆ 1994ರಲ್ಲಿ ಬುಡಾಪೆಸ್ಟಿನಲ್ಲಿ ಆ ದೇಶಕ್ಕೆ ಸಿಕ್ಕಿದ್ದು ಭರವಸೆ ಮಾತ್ರ, ರಕ್ಷಣೆಯ ಹೊಣೆಯಲ್ಲ ಎಂದು ಸರಿಯಾಗಿಯೇ ಹೇಳಿದೆ. ಆದರೆ ರಷ್ಯಾ ಗಡಿ ದಾಟುವುದಿಲ್ಲ, ಅದಕ್ಕೆ ನಷ್ಟವೇ ಹೆಚ್ಚು ಎಂದೂ ಹೇಳಿದೆ, ಖಂಡಿತ ಎಂಬ ದನಿಯಲ್ಲಿ. 24ರ ಬೆಳಿಗ್ಗೆ ಯುದ್ಧ ಶುರುವಾಯಿತು. ಕಾವಲಿಗೆ ಯಾರಿದ್ದಾರೆ ಎಂದು ಓದಿದ್ದೆ. ನುಗ್ಗುವವನ ಮನಸ್ಸನ್ನು ನನ್ನ ಲೆಕ್ಕದಲ್ಲೇ ಅಳೆದಿದ್ದೆ. ಮರುದಿನ ತರಗತಿಗೆ ಹೋಗಿ ನಾನು ಹೇಳಿದ್ದು ತಪ್ಪಾಯಿತು, ಎಲ್ಲಿ ತಪ್ಪಿದೆ ಎಂದು ಬಿಡಿಸಿ ಹೇಳಿದೆ.

ಆ ರಾತ್ರಿ ನಮ್ಮ ಓಣಿಯ ಒಬ್ಬರು ಮನೆಗೆ ಬಂದರು. ಅವರ ಮಗ ಅಲ್ಲಿ ಎಂಬಿಬಿಎಸ್ ಓದುತ್ತಿದ್ದ.

"ಅಕ್ಕೋರೆ, ನೀವು ಇದನ್ನೇ ಓದಿದೋರು. ನಮ್ಮ ಹುಡುಗ ಯಾವ ಕಡಿಂದ ಹೊರಗ ಬರಬೇಕು ಹೇಳ್ರಿ."

ಗೋಡೆಯ ನಕ್ಷೆ ಇಳಿಸಿ ನೆಲದ ಮೇಲೆ ಹಾಸಿ ಪೋಲೆಂಡ್, ಸ್ಲೊವಾಕಿಯಾ, ಹಂಗರಿ, ರೊಮೇನಿಯಾ ತೋರಿಸಿದೆ. ನಾಲ್ಕೂ ನ್ಯಾಟೊ ದೇಶಗಳು, ಯುದ್ಧ ಅಲ್ಲಿಗೆ ದಾಟುವ ಸಾಧ್ಯತೆ ಕಡಿಮೆ ಎಂದೆ. ಈ ಸಲ "ಖಂಡಿತ" ಎನ್ನಲಿಲ್ಲ. ಭಾರತ ವಿಶ್ವಸಂಸ್ಥೆಯಲ್ಲಿ ಯಾರ ಪರವೂ ಮತ ಹಾಕದೆ ಉಳಿದದ್ದನ್ನು ನನ್ನ ಸಹೋದ್ಯೋಗಿಗಳು ಟೀಕಿಸುತ್ತಿದ್ದ ದಿನಗಳವು. ಟೀಕೆಯಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಮಾಸ್ಕೊ, ಕೀವ್ ಎರಡೂ ಕಡೆ ಫೋನ್ ಎತ್ತಿ ಮಾತಾಡುವ ದಾರಿ ತೆರೆದಿರಬೇಕು ಎಂಬುದರ ಅರ್ಥ ನಕ್ಷೆಯ ಮೇಲೆ ಬೆರಳಿಟ್ಟು ಕುಳಿತ ಆ ತಂದೆಯನ್ನು ನೋಡಿದಾಗ ನನಗೆ ಸರಿಯಾಗಿ ಮನವರಿಕೆಯಾಯಿತು. ಹುಡುಗ ಆಪರೇಷನ್ ಗಂಗಾದ ವಿಮಾನದಲ್ಲಿ ಬಂದ.

ಕಳೆದ ಬಾರಿ, 2025ರ ಸೆಪ್ಟೆಂಬರ್ 17ರಂದು, ನಾವು ಧ್ವಜವಂದನೆ ಮುಗಿಸಿದ ದಿನವೇ ರಿಯಾದಿನಲ್ಲಿ ಸೌದಿ ಅರೇಬಿಯಾ ಮತ್ತು ಪಾಕಿಸ್ತಾನ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದವು. ಒಬ್ಬರ ಮೇಲಿನ ಆಕ್ರಮಣವನ್ನು ಇಬ್ಬರ ಮೇಲಿನ ಆಕ್ರಮಣವೆಂದು ಪರಿಗಣಿಸುವುದು ಎಂದು ಜಂಟಿ ಹೇಳಿಕೆ ಬಂತು. ನನ್ನ ತರಗತಿಯಲ್ಲಿ ಅಣ್ಣನೋ ಮಾಮನೋ ಸೌದಿಯಲ್ಲಿ ದುಡಿಯುತ್ತಿರುವವರಿದ್ದಾರೆ. ಮರುದಿನ ನಾನು ಒಳಗೆ ಕಾಲಿಡುವಷ್ಟರಲ್ಲಿ ಒಬ್ಬ ಖಾಕಿ ಹಾಳೆಯ ಮುಂದೆ ಮಾರ್ಕರ್ ಹಿಡಿದು ನಿಂತಿದ್ದ.

"ಇದು ನ್ಯಾಟೊ ಹಂಗೇ ಅದ ಅಲ್ರಿ ಮೇಡಂ?"

"ಏನು ಮಾಡತಕ್ಕದ್ದು ಅಂತ ಅದ, ಓದು."

ಫೋನಿನಲ್ಲಿದ್ದ ಹೇಳಿಕೆಯನ್ನು ಎರಡು ಸಲ ಓದಿದ. "ಪರಿಗಣಿಸುವುದು ಅಂತ ಅಷ್ಟೇ ಅದ್ರಿ. ಮುಂದಿಂದು ಕೊಟ್ಟಿಲ್ಲ." ಒಪ್ಪಂದದ ಪೂರ್ತಿ ಪಠ್ಯವನ್ನು ಎರಡೂ ದೇಶ ಹೊರಗೆ ಬಿಟ್ಟಿರಲಿಲ್ಲ. ದೇಶಗಳ ಹೆಸರು, ತಾರೀಖು ಬರೆದು, ನಾಲ್ಕನೆಯ ಮನೆಯನ್ನು ಖಾಲಿ ಬಿಟ್ಟು ಅವನು ತನ್ನ ಜಾಗಕ್ಕೆ ಹೋಗಿ ಕುಳಿತ.